ಕೆಂಪು ದಾರ ಕಟ್ಟಿದ ಸೀರೆಗಳು

ಶನಿವಾರ ಮಧ್ಯಾಹ್ನ ಮೂರು ಹತ್ತಕ್ಕೆ, ಚಳ್ಳಕೆರೆ ಬಸ್ಸಿಳಿದು ಬಂದು ಮೊಳಕಾಲ್ಮೂರಿನ ಆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ, ಸುಟ್ಟ ಕೂದಲಿನಂಥ ವಾಸನೆ ಬಂತು. ರೇಷ್ಮೆ ಸುಟ್ಟರೆ ಹಾಗೆ ನಾರುತ್ತದೆ. ನಾನು ನೇಕಾರರ ಮಗಳು, ನನಗೆ ಗೊತ್ತು.

ಆ ಮನೆಯ ಅಮ್ಮ ದೊಡ್ಡ ಮನೆತನದವರು. ನಲವತ್ತು ವರ್ಷ ನೇಕಾರರ ಬೀದಿಯ ಹಳೆಯ ಸೀರೆಗಳನ್ನು ಕೂಡಿಸಿಟ್ಟಿದ್ದರು. ಯಾವುದು ಯಾರ ಮನೆಯದೆಂದು ಪಟ್ಟಿ ಮಾಡಲು ನಾನು ಚಳ್ಳಕೆರೆಯ ಕಾಲೇಜಿನಿಂದ ವಾರವಾರ ಬರುತ್ತಿದ್ದೆ. ಚಕ್ರವರ್ತಿಗಳ ಕಾಲದ ರಷ್ಯಾದಲ್ಲಿ ಹಳ್ಳಿ ಹೆಂಗಸರ ಕಸೂತಿ ಬಟ್ಟೆ ಕೂಡಿಸಿ, ಅಂಥ ಹೆಂಗಸರನ್ನೇ ಮನೆಗೆ ಕರೆಸಿ ಹೊಲಿಸುತ್ತಿದ್ದ ಒಬ್ಬ ಜಮೀನ್ದಾರಿಣಿಯ ಬಗ್ಗೆ ನಾನು ಓದಿದ್ದೆ. ಹೇಳಿದಾಗ ಅಮ್ಮ ನಕ್ಕಿದ್ದರು.

“ಅವಳಿಗೂ ನನ್ನಂಗೇ ಹುಚ್ಚು ಅನ್ನು. ಸತ್ಮೇಲೆ ಬಟ್ಟೆ ಏನಾದ್ವು?”

“ಹೆಣ್ಮಕ್ಕಳು ಕಾಪಾಡಿದ್ರಂತಮ್ಮ.”

“ನನಗಿರೋನು ಭಾವನ ಮಗ!”

ಆ ಭಾವನ ಮಗನೇ ಹಿತ್ತಲಲ್ಲಿದ್ದ. ಜೊತೆಗೆ ಹಳೆ ಸೀರೆ ಸುಟ್ಟು ಜರಿಯ ಬೆಳ್ಳಿ ತೆಗೆಯುವ ಇಬ್ಬರು ವ್ಯಾಪಾರಿಗಳು. ಕಬ್ಬಿಣದ ಬಾಣಲೆಯಲ್ಲಿ ಸೀರೆಗಳು ಮುದುಡುತ್ತಿದ್ದವು. ಪಕ್ಕದ ರಾಶಿಯಲ್ಲಿದ್ದ ಪ್ರತಿಯೊಂದಕ್ಕೂ ಕೆಂಪು ದಾರ. ಅಪ್ಪಟ ಬೆಳ್ಳಿ ಜರಿಯವು ಗುರುತು ಸಿಗಲೆಂದು ಆರು ತಿಂಗಳು ಕೂತು ನಾನೇ ಕಟ್ಟಿದ್ದ ದಾರ. ಆರಿಸುವ ಕೆಲಸವನ್ನೂ ಅವನಿಗೆ ಉಳಿಸಿಕೊಟ್ಟಿದ್ದೆ, ಮೂರ್ಖಳು!

“ಉಡೋರ್ ಯಾರದಾರೆ ಇವನ್ನ? ಇಲಿ ತಿನ್ನೋ ಬದ್ಲು ಬೆಳ್ಳಿನಾದ್ರೂ ಸಿಗ್ತೈತೆ. ಮೇಡಮ್ಮೋರೆ, ನೀವು ಕಾಲೇಜಿನಾಗೆ ಪಾಠ ಮಾಡ್ಕಳ್ರಿ” ಎಂದ ಅವನು.

ನಿದ್ದೆಯಿಂದೆದ್ದು ಬಂದ ಅಮ್ಮ ಒಂದು ಕ್ಷಣ ನೋಡಿದರು. “ಲೇ, ಅದು ಹಿಂದಿನ ಬೀದಿ ಅಜ್ಜಿ ಧಾರೆ ಸೀರೆ ಕಣೋ!” ಎಂದು ಎರಡೂ ಕೈಗಳನ್ನು ಬೆಂಕಿಗೆ ಹಾಕಿಬಿಟ್ಟರು. ಸೆರಗು ಹೊತ್ತಿಕೊಂಡಿತು. ಸೊಂಟ ಹಿಡಿದು ಎಳೆದೆ, ಬಕೆಟ್ ನೀರು ಸುರಿದೆ. ಅವನು ಕೂಗಿದ್ದು ಒಂದೇ ಮಾತು: “ಬಾಣ್ಲಿಗೆ ನೀರು ಬೀಳ್ತೈತೆ, ಬೆಳ್ಳಿ ಹೋಗ್ತೈತೆ!”

ತನ್ನ ಚಿಕ್ಕಮ್ಮನೇ ಉರಿಯುತ್ತಿದ್ದಾಗ ಅವನಿಗೆ ಕಂಡದ್ದು ಬಾಣಲೆ. ಆಮೇಲೆ ತಿಂಗಳುಗಟ್ಟಲೆ ರಾತ್ರಿ ಕನಸಿನ ಆ ಕೂಗಿಗೇ ಬೆಚ್ಚಿ ಏಳುತ್ತಿದ್ದೆ, ಕೈ ಅಮ್ಮನ ಸೊಂಟವನ್ನು ಹುಡುಕುತ್ತಿತ್ತು.

ಆಸ್ಪತ್ರೆಯಲ್ಲಿ, ಎರಡೂ ಕೈಗೆ ಬ್ಯಾಂಡೇಜು, ಅಮ್ಮ ಹೇಳಿದರು: “ಉಳಿದವನ್ನ ಒಂದೇ ಮನೇಲಿ ಇಡಬ್ಯಾಡ. ಯಾರ್ದೋ ಅವರ ಮನೆಗೇ ಕೊಟ್ಬಿಡು.”

ಸೀರೆ ತರಲು ಹೋದಾಗ “ಅದು ನಮ್ಮ ಮನೆ ಆಸ್ತಿ” ಎಂದು ಭಾವನ ಮಗ ಬಾಗಿಲಿಗೆ ಅಡ್ಡ ನಿಂತ. ಅಮ್ಮನ ಬೀಗದ ಕೈ ನನ್ನ ಕೈಲಿತ್ತು. ತಳ್ಳಿಕೊಂಡೇ ಒಳಗೆ ಹೋದೆ.

ಪಟ್ಟಿ ಹಿಡಿದು ಮನೆಮನೆ ತಿರುಗಿದೆ. ಕೊನೆಯ ಸೀರೆ ಪಡೆದ ಹೆಂಗಸು “ಇದಿ ಮಾ ಅಮ್ಮದಿ”, ಇದು ನಮ್ಮಮ್ಮನದು, ಎಂದು ತೆಲುಗಿನಲ್ಲಿ ಹೇಳುತ್ತ ಅಲ್ಲೇ ಹೆಗಲ ಮೇಲೆ ಹಾಕಿಕೊಂಡಳು. ಇನ್ನು ಒಬ್ಬ ಮನುಷ್ಯ ಒಂದೇ ಮಧ್ಯಾಹ್ನ ಎಲ್ಲವನ್ನೂ ಸುಡಲಾರ.

ಸಿಟ್ಟು ಹೋಗಿಲ್ಲ, ಹೋಗುವುದೂ ಬೇಡ. ಆದರೆ ಆ ಕೊನೆಯ ಸೀರೆ ಕೊಟ್ಟ ದಿನ ಚಳ್ಳಕೆರೆಗೆ ಮರಳಿ ಮಲಗಿದವಳು ಬೆಳಗಿನವರೆಗೆ ಬೆಚ್ಚಿ ಏಳಲಿಲ್ಲ.