ದಡದ ನೀರಿಗೇ ಬಾಟಲಿ ಅದ್ದುವ ಶಂಕರಿ

ಗುರುವಾರ, ಬೆಳಿಗ್ಗೆ ಆರು. ಆಲುವಾದಲ್ಲಿ ಪೆರಿಯಾರ್ ಹೊಳೆಯ ಈಜುಕಟ್ಟೆ ಖಾಲಿ ಇದೆ. ಶಂಕರಿ ಚೂಡಿದಾರದ ಕಾಲು ಮಡಚಿ ನೀರಿಗೆ ಇಳಿಯುತ್ತಾರೆ. ಬಾಟಲಿಯ ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿದು ಒಂದು ಗೇಣು ಆಳಕ್ಕೆ ಮುಳುಗಿಸಿ, ಮುಚ್ಚಿ, ಐಸ್ ಪೆಟ್ಟಿಗೆಯಲ್ಲಿಡುತ್ತಾರೆ.

"ಬಂದರು ನೋಡಿ, ಬಾಟಲಿ ಚೇಚಿ! ಇನ್ನೆಷ್ಟು ದಿನ ಬೀಗ?" ಮೆಟ್ಟಿಲ ಮೇಲಿಂದ ಈಜು ಕಲಿಸುವ ಪ್ರಮೋದ್ ಮಲಯಾಳದಲ್ಲಿ ಕೆಣಕುತ್ತಾರೆ; ಚೇಚಿ ಎಂದರೆ ಅಕ್ಕ. ಹದಿನೆಂಟು ದಿನಗಳಿಂದ ಅವರ ಶಿಬಿರ ನಿಂತಿದೆ. ನೂರು ಮಿಲಿ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಎರಡೂವರೆ ಸಾವಿರ ದಾಟಿದರೆ ಯಾರೂ ಇಳಿಯಬಾರದು. ಶಂಕರಿ ತಂದ ನೀರಿನಲ್ಲಿ ಒಂಬತ್ತು ಸಾವಿರದ ಇನ್ನೂರಿತ್ತು.

ನಲವತ್ತೊಂದರ ಶಂಕರಿ ಕಾಸರಗೋಡಿನ ಕುಂಬಳೆಯವರು, ರಸಾಯನಶಾಸ್ತ್ರದ ಪದವೀಧರೆ. ಖಾಸಗಿ ಲ್ಯಾಬೊಂದರಲ್ಲಿ ಹನ್ನೊಂದು ವರ್ಷಗಳಿಂದ ಗುತ್ತಿಗೆ ಕೆಲಸ. ದಿನಕ್ಕೆ ಏಳು ಕಟ್ಟೆ, ಸ್ಕೂಟರಿನಲ್ಲಿ ಅರವತ್ತು ಕಿಲೋಮೀಟರ್. ಬಾಟಲಿ ತುಂಬಿದ ಆರು ತಾಸಿನೊಳಗೆ ನೀರು ಲ್ಯಾಬು ಸೇರಬೇಕು. ಎರಡು ವರ್ಷದ ಹಿಂದೆ ಇಲಿಜ್ವರ ಬಂದು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಆ ದಿನಗಳ ಸಂಬಳ ಸಿಗಲಿಲ್ಲ.

ನಡುಹೊಳೆಯ ನೀರು ತೆಗೆದುಕೊಂಡರೆ ಅಂಕಿ ಇಳಿಯುತ್ತದೆ, ದೋಣಿ ನಾನೇ ತರುತ್ತೇನೆ ಎಂದು ಪ್ರಮೋದ್ ಹೇಳಿದ್ದರು. ಶಂಕರಿ ಒಪ್ಪಲಿಲ್ಲ. "ನಡುವಿನ ನೀರು ಒಳ್ಳೆಯದೇ ಇರಬಹುದು ಮಾರಾಯ್ರೆ. ಕಲಿಯುವ ಮಕ್ಕಳು ನೀರು ಕುಡಿಯುವುದು ದಡದಲ್ಲಲ್ವಾ?"

ಊರವರು ಹೊಳೆ ಹರಿದುಹೋಗುವ ಕಡೆಯ ಏಲೂರಿನ ಕಾರ್ಖಾನೆಗಳ ಕಡೆ ಬೆರಳು ತೋರಿಸಿದರು. ಶಂಕರಿ ದಡ ಹಿಡಿದು, ಹರಿವಿಗೆ ಎದುರಾಗಿ, ಮೇಲಕ್ಕೆ ನಡೆದರು, ಐವತ್ತು ಹೆಜ್ಜೆಗೊಂದು ಬಾಟಲಿ ತುಂಬಿದರು. ಆರನೆಯದರ ಹತ್ತಿರ, ಪೊದೆಯೊಳಗೆ, ಮನೆಗಳ ಶೌಚದ ಪೈಪು ಒಡೆದಿತ್ತು. ಅದನ್ನು ಸರಿಪಡಿಸಿ ವಾರವಾಗಿದೆ. ಈ ಸಲವೂ ಅಂಕಿ ಇಳಿಯದಿದ್ದರೆ ಮಳೆಗಾಲ ಬಂದೇಬಿಡುತ್ತದೆ, ಶಿಬಿರದ ಕೊನೆಗೆ ಮೂವತ್ತೆರಡು ಮಕ್ಕಳು ಈಜಿ ಹೊಳೆ ದಾಟುವುದು ಮುಂದಿನ ವರ್ಷಕ್ಕೆ.

ಅವರಲ್ಲಿ ಒಬ್ಬಳು ಶಂಕರಿಯ ಮಗಳು ಅಪೂರ್ವಾ, ಒಂಬತ್ತು ವರ್ಷ. ಅಮ್ಮನ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಕೊಡುವುದು ಮಲಯಾಳದಲ್ಲಿ. ಕಟ್ಟೆ ಮುಚ್ಚಿದ ಮೇಲೆ ಅದೂ ಇಲ್ಲ. "ಹೊಟ್ಟೆ ಉರಿಯುವುದಿಲ್ಲವಾ ನನಗೆ?" ಎನ್ನುತ್ತಾರೆ ಶಂಕರಿ. " ಆದರೆ ಎಂತ ಮಾಡುವುದು, ನೀರು ನನ್ನ ಮಾತು ಕೇಳ್ತದಾ?"

ಶನಿವಾರ ವರದಿ ಬರುತ್ತದೆ. ನಾನೂರ ಮೂವತ್ತು. ಶಂಕರಿ ಫೋನನ್ನು ಎರಡು ಸಲ ನೋಡಿ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಪ್ರಮೋದ್ ಕಟ್ಟೆಗೆ ಅಡ್ಡ ಕಟ್ಟಿದ್ದ ಹಗ್ಗ ಬಿಚ್ಚುತ್ತಾರೆ, ಮಕ್ಕಳು ನೀರಿಗಿಳಿಯುತ್ತಾರೆ. ಆಮೇಲೆ ಬಂದು, "ಚಾಯ ಕುಡೀತೀರಾ ಚೇಚಿ?" ಅನ್ನುತ್ತಾರೆ.

ನೀರಿನಿಂದ ಅಪೂರ್ವಾ ಕೂಗುತ್ತಾಳೆ: "ಅಮ್ಮೇ, ನೋಕ್ಕ್!" ನೋಡು, ಅಂತ.

"ಇವರು ಹೊಳೆ ದಾಟುವ ದಿನಕ್ಕೆ ರಜೆ ಕೇಳಿದ್ದೇನೆ," ಎನ್ನುತ್ತಾರೆ ಶಂಕರಿ, ಮಗಳಿಂದ ಕಣ್ಣು ತೆಗೆಯದೆ. "ಆಚೆ ದಡದಲ್ಲಿ ಟವೆಲ್ ಹಿಡಿದು ನಿಲ್ಲಬೇಕು. ಬೇರೆ ಅಮ್ಮಂದಿರ ಹಾಗೆ."