ಹನ್ನೊಂದು ಕೆಜಿ ಎಂದಿದ್ದೆ

ನನ್ನ ಮಗನಿಗೆ ಒಂದು ವರ್ಷ ಒಂಬತ್ತು ತಿಂಗಳಾಗಿದ್ದಾಗ ಅವನ ತೂಕ ಹದಿನಾಲ್ಕು ಕೆಜಿ ಮುನ್ನೂರು ಗ್ರಾಂ. ಇಲ್ಲಿ ಸಲೀಸಾಗಿ ಬರೆದುಬಿಟ್ಟೆ. ಆಗ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ಮಗುವಿನ ತೂಕ ಹೇಳಬಾರದು, ಭಾರ ಅನ್ನಬಾರದು, ಎತ್ತಿಕೊಂಡವರು ಉಸ್ಸಪ್ಪಾ ಅಂತ ಉಸಿರೂ ಬಿಡಬಾರದು. ಬಿಟ್ಟರೆ ದೃಷ್ಟಿಯಾಗುತ್ತದೆ. ಪಕ್ಕದ ಮನೆಯಾಕೆ ಒಮ್ಮೆ "ಏನ್ ಗುಂಡ್‌ಗುಂಡ್ಗೆ ಅವ್ನೆ ಕಣಮ್ಮ ನಿನ್ ಮಗ" ಅಂದಳು. ಅವಳು ಗೇಟು ದಾಟುವುದನ್ನೂ ಕಾಯದೆ ನಮ್ಮತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ನೀರೊಲೆಗೆ ಹಾಕಿದರು. ಮನೆಯೆಲ್ಲ ಘಾಟು. ಕೆಮ್ಮಿ ಕೆಮ್ಮಿ ಸತ್ತದ್ದು ನಾನು, ಮಗ ನಗುತ್ತಿದ್ದ.

ತಮಾಷೆ ಏನೆಂದರೆ, ತೂಕ ಹೇಳುವುದೇ ನನ್ನ ಕೆಲಸ. ಮದ್ದೂರಿನಿಂದ ನಿಡಘಟ್ಟದ ಕಡೆ ಹೋಗುವ ರಸ್ತೆಯ ಒಂದು ವೇಬ್ರಿಡ್ಜ್‌ನಲ್ಲಿ ಕೂರುತ್ತೇನೆ. ಎಳನೀರಿನ ಲಾರಿ, ಕಬ್ಬಿನ ಟ್ರ್ಯಾಕ್ಟರು, ಇಟ್ಟಿಗೆ ಗಾಡಿ, ಬಂದದ್ದನ್ನೆಲ್ಲ ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿ, ಕಿಟಕಿಯಿಂದ ತೂಕ ಕೂಗುತ್ತೇನೆ. ಡ್ರೈವರು ಗಾಡಿಯಲ್ಲೇ ಕೂತಿದ್ದರೆ ಇಳಿಸುತ್ತೇನೆ. "ನಾನೇನ್ ಟನ್ನು ಇದೀನಾ ಮೇಡಂ?" ಅಂದರೆ "ಎಷ್ಟಾದ್ರೂ ಇರಿ, ಇಳೀರಿ" ಅನ್ನುತ್ತೇನೆ. ಹತ್ತು ಕೆಜಿ ಸುಳ್ಳಿಗೆ ಅರ್ಧ ಗಂಟೆ ಜಗಳ ಆಡಿದವಳು ನಾನು. ಆ ರಸ್ತೆಯಲ್ಲಿ ನನ್ನನ್ನು ಕಂಡರೆ ಯಾರಿಗೂ ಅಷ್ಟಕ್ಕಷ್ಟೆ.

ಮಗನಿಗೆ ನಡೆಯಲು ಬರುತ್ತಿತ್ತು, ಆದರೆ ನಡೆಯುತ್ತಿರಲಿಲ್ಲ. ಎರಡು ಹೆಜ್ಜೆ ಇಟ್ಟು ಕೈ ಎತ್ತಿಬಿಡುತ್ತಿದ್ದ. ಎತ್ತಿಕೊಂಡರೆ ಸಾಲದು, ತಿರುಗಾಡುತ್ತಲೇ ಇರಬೇಕು. ನಿಂತರೆ ಹಿಮ್ಮಡಿಯಿಂದ ತೊಡೆಗೆ ಒದೆಯುತ್ತಿದ್ದ. ನನ್ನ ಸ್ವಭಾವವೂ ಅದೇ. ಕೂತಲ್ಲಿ ಕೂರಲಾರೆ, ಬಸ್ಸಿಗೆ ಕಾಯುವಾಗಲೂ ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ. ಇಬ್ಬರೂ ಸೇರಿ ಮದ್ದೂರಿನ ನಮ್ಮ ಬೀದಿಯನ್ನು ದಿನಾ ಸಂಜೆ ಸವೆಸುತ್ತಿದ್ದೆವು.

ಗಂಡನಿಗೆ ಬ್ಲಫ್ ಅನ್ನುವ ಊರಿನ ವಿದ್ಯುತ್ ಕೇಂದ್ರದಲ್ಲಿ ಪಾಳಿ ಕೆಲಸ, ವಾಸ ಅಲ್ಲಿನ ಕ್ವಾರ್ಟರ್ಸ್‌ನಲ್ಲಿ. ಮದ್ದೂರಿನ ಮನೆಯಲ್ಲಿ ನಾನು, ಮಗ, ಮತ್ತು ಅವನನ್ನು ನೋಡಿಕೊಳ್ಳಲು ಬಂದ ಅತ್ತೆ. ಪ್ರತಿ ಭಾನುವಾರ ಮೂವರೂ ಬಸ್ಸು ಹತ್ತಿ, ಮಳವಳ್ಳಿಯಲ್ಲಿ ಇಳಿದು, ಬೆಳಕವಾಡಿ ಮೇಲೆ ಹೋಗುವ ಇನ್ನೊಂದು ಬಸ್ಸು ಹಿಡಿದು ಬ್ಲಫ್‌ಗೆ ಹೋಗುತ್ತಿದ್ದೆವು. ಸೀಟು ಸಿಕ್ಕರೂ ನನ್ನ ಮಗ ಕೂರಲು ಬಿಡುತ್ತಿರಲಿಲ್ಲ. ಎಡ ಸೊಂಟದ ಮೇಲೆ ಅವನು, ಬಲಗೈಯಲ್ಲಿ ಕಂಬಿ, ಹೀಗೇ ಒಂದೂವರೆ ಗಂಟೆ.

ಮೊದಲು ಸೊಂಟ ನೋಯಿತು. ಆಮೇಲೆ ಎಡಗಾಲಿಗೆ ಜೋಮು ಹಿಡಿಯತೊಡಗಿತು. ಒಂದು ದಿನ ವೇಬ್ರಿಡ್ಜ್‌ನ ಕುರ್ಚಿಯಿಂದ ಏಳಲು ಹೋಗಿ ಏಳಲಾಗಲಿಲ್ಲ. ಮಂಡ್ಯಕ್ಕೆ ಹೋಗಿ ಮೂಳೆ ಡಾಕ್ಟರಿಗೆ ತೋರಿಸಿದೆ. ಅವರು ಒತ್ತಿ ಬಗ್ಗಿಸಿ ನೋಡಿ, "ಪಕ್ಕಕ್ಕೆ ಕೂರಿಸಿಕೊಳ್ಳೋದು ಇವತ್ತಿಗೇ ನಿಲ್ಲಿಸಿ. ಮಗೂನ ಎದೆಗೆ ಕಟ್ಟಿಕೊಳ್ಳೋ ಕ್ಯಾರಿಯರ್ ಬರುತ್ತೆ, ಸೊಂಟಕ್ಕೆ ಅಗಲ ಬೆಲ್ಟ್ ಇರೋ ಒಳ್ಳೇದು ತಗೊಳ್ಳಿ. ಮಗುವಿನ ಮಂಡಿ ಅದರ ಕುಂಡೆಗಿಂತ ಮೇಲೆ ಇರಬೇಕು, ಭಾರ ಹೆಗಲ ಮೇಲೆ ಬೀಳಬಾರದು. ಹೀಗೇ ಮುಂದುವರಿಸಿದ್ರೆ ಆರು ತಿಂಗಳು ಮಗೂನ ಮುಟ್ಟಲೇಬೇಡಿ ಅಂತ ಬರೆದುಕೊಡಬೇಕಾಗುತ್ತೆ" ಅಂದರು.

ನಾನು ಇಡೀ ದಿನ ಹೊರಗೆ ದುಡಿಯುವವಳು. ಸಂಜೆ ಗೇಟು ತೆಗೆದ ಸದ್ದಿಗೆ ಅವನು ಕೈ ಎತ್ತುವುದೊಂದೇ ನನ್ನ ಪಾಲಿಗೆ ಉಳಿದಿದ್ದ ತಾಯ್ತನ. ಆರು ತಿಂಗಳು ಎತ್ತದಿದ್ದರೆ ಅವನು ಕೈ ಎತ್ತುವುದನ್ನೇ ಮರೆತುಬಿಟ್ಟರೆ? ಮಂಡ್ಯದಿಂದ ಮದ್ದೂರಿಗೆ ಬರುವಷ್ಟರಲ್ಲಿ ಫೋನಿನಲ್ಲಿ ಮೂವತ್ತು ಕ್ಯಾರಿಯರ್ ನೋಡಿದ್ದೆ. ಒಂದೂ ತಲೆಯಲ್ಲಿ ನಿಲ್ಲಲಿಲ್ಲ.

ಮನೆಗೆ ಬಂದು, ಸೊಪ್ಪು ಸೋಸುತ್ತಿದ್ದ ಅತ್ತೆಯ ಪಕ್ಕ ಕೂತು ಒಂದನ್ನು ಆರಿಸಿದೆ. ಸೈಜು ಹೇಳಲು ಫೋನು ಮಗುವಿನ ತೂಕ ಕೇಳಿತು.

"ಏನಂತೆ ಅದು?" ಅಂದರು ಅತ್ತೆ.

"ತೂಕ ಕೇಳ್ತಿದೆ."

"ಕಡ್ಮೆ ಆಕು. ಪೋನ್ಗೂ ಕಣ್ಣದೆ ಕಣಮ್ಮ."

ನಕ್ಕೆ. ನಕ್ಕರೂ ಹನ್ನೊಂದು ಅಂತಲೇ ಒತ್ತಿದೆ. ಬಿಎಸ್ಸಿ ಓದಿದವಳು, ದಿನಾ ತೂಕ ಕೂಗುವವಳು, ಆದರೂ ಹಾಗೆ ಒತ್ತಿದೆ. ಏನಾದರೂ ಆಗಿಬಿಟ್ಟರೆ ಅನ್ನುವ ಭಯ ಅತ್ತೆಗಿಂತ ನನಗೇನೂ ಕಡಿಮೆ ಇರಲಿಲ್ಲ, ಅಷ್ಟೆ.

ಬಂದದ್ದು ಹನ್ನೊಂದು ಕೆಜಿಯ ಮಗುವಿನ ಕ್ಯಾರಿಯರ್. ಕೂರುವ ಜಾಗ ಅಂಗೈ ಅಗಲ. ಮಗನ ಕಾಲುಗಳು ತಂತಿಗೆ ಹಾಕಿದ ಪ್ಯಾಂಟಿನಂತೆ ನೇರ ಕೆಳಗೆ ಜೋತುಬಿದ್ದವು. ಪಟ್ಟಿ ಹೆಗಲನ್ನು ಕೊಯ್ಯುತ್ತಿತ್ತು, ಸೊಂಟದ ಬೆಲ್ಟು ಸುರುಳಿ ಸುತ್ತಿಕೊಂಡು ಹೊಟ್ಟೆಗೆ ಏರುತ್ತಿತ್ತು. ನಾಲ್ಕನೇ ದಿನ ಕಂಪನಿಗೆ ಫೋನು ಮಾಡಿ ರೇಗಿದೆ. ಆ ಕಡೆಯ ಹುಡುಗಿ ಸಮಾಧಾನವಾಗಿ, "ಮಗುವಿನ ತೂಕ ಎಷ್ಟು ಮೇಡಂ?" ಅಂದಳು. ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಹನ್ನೊಂದು" ಅಂದೆ. "ಹಾಗಾದ್ರೆ ಸರಿಯಾಗೇ ಇರಬೇಕಲ್ಲ ಮೇಡಂ." ಫೋನು ಇಟ್ಟುಬಿಟ್ಟೆ.

ಆಮೇಲೆ ಅತ್ತೆ ತಮ್ಮ ಹಳೇ ನೂಲಿನ ಸೀರೆ ತಂದು, ನನ್ನ ಹೆಗಲಿಗೆ ಅಡ್ಡಲಾಗಿ ಕಟ್ಟಿ ಮಗನನ್ನು ಕೂರಿಸಿದರು. ಹತ್ತು ನಿಮಿಷ ಸುಖ. ಹನ್ನೊಂದನೇ ನಿಮಿಷಕ್ಕೆ ಭಾರ ಒಂದೇ ಹೆಗಲನ್ನು ನೆಲಕ್ಕೆ ಎಳೆಯತೊಡಗಿತು. ಮಕ್ಕಳ ಸಾಮಾನಿನ ಅಂಗಡಿಗಳನ್ನೂ ಸುತ್ತಿದೆ. ಒಂದು ಕಡೆ ಬೆಲ್ಟು ಚೆನ್ನಾಗಿದ್ದರೆ ಸೀಟು ಚಿಕ್ಕದು, ಇನ್ನೊಂದು ಕಡೆ ಸೀಟು ಸರಿಯಿದ್ದರೆ ಬಕಲ್ ಆಟದ ಸಾಮಾನಿನಷ್ಟು ತೆಳು. ಹಾಕಿ ನೋಡದೆ ಕೊಳ್ಳಬಾರದು ಅನ್ನುವುದನ್ನಂತೂ ಕಲಿತೆ. ಕಾಲಿನ ಜೋಮು ಮಾತ್ರ ಬಿಡಲಿಲ್ಲ.

ಕೊನೆಗೆ ಮಳವಳ್ಳಿ ಬಸ್ ನಿಲ್ದಾಣದ ಹತ್ತಿರ ಸ್ಕೂಟರು, ಟ್ರ್ಯಾಕ್ಟರುಗಳಿಗೆ ಸೀಟು ಹೊಲಿಯುವ ಸಾಹೇಬರೊಬ್ಬರ ಅಂಗಡಿ ಕಣ್ಣಿಗೆ ಬಿತ್ತು. ಗಟ್ಟಿ ಕ್ಯಾನ್ವಾಸು, ಸ್ಪಂಜು, ಕಾರಿನ ಬೆಲ್ಟಿನ ಪಟ್ಟಿ, ಎಲ್ಲ ಅಲ್ಲೇ ಇತ್ತು. ಒಂದು ಭಾನುವಾರ ಮೂವರೂ ಒಳಗೆ ಹೋದೆವು.

"ಟ್ರ್ಯಾಕ್ಟರ್ ಸೀಟ್ ಒಲಿಯೋನು ನಾನು, ಮಗೀಗ್ ಒಲ್ದಿಲ್ಲ" ಅಂದರು. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಒದರಿದೆ. ಅವರು ತಲೆ ಕೆರೆದುಕೊಂಡು ಟೇಪು ತೆಗೆದರು. ನನ್ನ ಸೊಂಟ ಅಳೆದರು. ಮಗನನ್ನು ನನ್ನ ಎದೆಗೆ ಒರಗಿಸಿ, ಕಾಲು ಅಗಲಿಸಿ, ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ ಎಷ್ಟು ಅಂತ ಅಳೆದರು.

"ತೂಕ?"

ಹಿಂದಿನಿಂದ ಅತ್ತೆಯ ಬೆರಳು ನನ್ನ ಬೆನ್ನಿಗೆ ತಿವಿಯಿತು.

"ಹನ್ನೊಂದು."

ಅವರು ಮಗನನ್ನು ನೋಡಿದರು, ನನ್ನನ್ನು ನೋಡಿದರು. "ಅನ್ನೊಂದಾ?"

"ಹೌದು."

"ಸರಿ ಬುಡಿ."

ಮುಂದಿನ ಭಾನುವಾರ ಹಾಕಿಕೊಂಡೆ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಭಾರ ಹೆಗಲು ಬಿಟ್ಟು ಸೊಂಟದ ಮೂಳೆಯ ಮೇಲೆ ಕೂತಿತ್ತು. ಮಗ ಕಪ್ಪೆಯ ಹಾಗೆ ಕಾಲು ಮಡಿಸಿ ಎದೆಗೆ ಅಂಟಿಕೊಂಡಿದ್ದ. ಎಷ್ಟೋ ತಿಂಗಳ ಮೇಲೆ ಎರಡೂ ಕೈ ಬೀಸಿ ನಡೆದೆ. ಅತ್ತೆ ಹಿಂದಿನಿಂದ ಕೂಗುತ್ತಿದ್ದರೂ ನಿಲ್ಲಲಿಲ್ಲ.

ಅದರ ಮುಂದಿನ ಭಾನುವಾರ ಮಳವಳ್ಳಿಯಲ್ಲಿ ಬೆಳಕವಾಡಿ ಬಸ್ಸು ಹೊರಟುಬಿಟ್ಟಿತ್ತು. ಓಡಿದೆ. ನಾಲ್ಕು ಹೆಜ್ಜೆಗೆ ಸೊಂಟದ ಬಕಲ್ ಸರ್ರನೆ ಜಾರಿತು. ಮಗ ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಕೆಳಕ್ಕೆ ಇಳಿದ. ಅವನ ಒಂದು ತೋಳು, ಚಡ್ಡಿಯ ಅಂಚು ಕೈಗೆ ಸಿಕ್ಕಿದವು. ಹಾಗೇ ಹಿಡಿದು ನೆಲಕ್ಕೆ ಕುಸಿದು ಕೂತೆ. ಅವನಿಗೆ ಏನೂ ಆಗಲಿಲ್ಲ. ಹೊರಟ ಬಸ್ಸಿಗೆ ಟಾಟಾ ಮಾಡುತ್ತಿದ್ದ.

ಎದ್ದು ನಿಂತ ಮೇಲೆ ಸಿಟ್ಟು ನೆತ್ತಿಗೇರಿತು. ಮಗನನ್ನು ಅತ್ತೆಯ ಕೈಗೆ ಕೊಟ್ಟು ನೇರ ಅಂಗಡಿಗೆ ನುಗ್ಗಿದೆ. "ಏನ್ರೀ ಇದು ನೀವು ಹೊಲಿದದ್ದು? ಮಗು ಬಸ್ಸಿನ ಚಕ್ರಕ್ಕೆ ಸಿಕ್ಕಿದ್ರೆ ಏನ್ರೀ ಗತಿ?" ಅಂತ ಕಿರುಚಿದೆ. ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ಕುಗಳು ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು.

ಸಾಹೇಬರು ಎದುರುತ್ತರ ಕೊಡಲಿಲ್ಲ. ಕ್ಯಾರಿಯರ್ ಇಸಿದುಕೊಂಡು ಬಕಲ್ ಅನ್ನು ಬೆಳಕಿಗೆ ಹಿಡಿದರು. "ಒಲ್ಗೆ ಗಟ್ಟಿ ಅದೆ. ಬಕಲ್ ತಡ್ಕಂಡಿಲ್ಲ. ನೀವ್ ಏಳಿದ್ ಅನ್ನೊಂದ್ಕೆ ನಾನೇ ಮೇಲೊಂದ್ ಕೆಜಿ ಸೇರಿಸ್ಕಂಡು ಆಕಿದ್ದೆ. ಈಗ ನಿಜ ಏಳಿ ಮೇಡಂ, ಎಷ್ಟವ್ನೆ?"

ನನ್ನ ಕಿಟಕಿಯ ಮುಂದೆ ನಿಂತು ಸುಳ್ಳು ತೂಕ ಹೇಳುವ ಡ್ರೈವರುಗಳನ್ನು ನಾನು ಎಷ್ಟು ಸಸಾರ ಮಾಡಿದ್ದೇನೆ! ಅವರು ಎಳನೀರಿನ ಲೆಕ್ಕದಲ್ಲಿ ಸುಳ್ಳು ಹೇಳುತ್ತಿದ್ದರು. ನಾನು ಹೇಳಿದ್ದು ಮಗನ ಪ್ರಾಣದ ಮೇಲೆ. ಅದೂ ಸಾಲದೆ ತಪ್ಪಿಲ್ಲದವರ ಮೇಲೆ ಕೂಗಾಡಿದ್ದೆ.

"ಹದಿನಾಲ್ಕು ಕೆಜಿ ಮುನ್ನೂರು ಗ್ರಾಂ" ಅಂದೆ. ವೇಬ್ರಿಡ್ಜ್‌ನಲ್ಲಿ ಕೂಗುವ ಗಂಟಲಿನಲ್ಲೇ ಬಂತು. ಗ್ಯಾರೇಜಿನವರಿಗೂ ಕೇಳಿಸಿತು.

ಹಿಂದೆ ತಿರುಗಲು ಧೈರ್ಯವಾಗಲಿಲ್ಲ. ಹಿಂದೆಯೇ ಬಂದಿದ್ದ ಅತ್ತೆ ಥೂ ಥೂ ಅಂತ ದೃಷ್ಟಿ ತೆಗೆಯುತ್ತಾರೆ, ಮನೆಗೆ ಹೋದ ಮೇಲೆ ನನಗೆ ಇದೆ ಅಂದುಕೊಂಡೆ. ಆದರೆ ಅವರು ಮಗನನ್ನು ನೆಲಕ್ಕೆ ಬಿಟ್ಟು, ಅರ್ಧ ಹೊಲಿದ ಟ್ರ್ಯಾಕ್ಟರ್ ಸೀಟಿನ ಮೇಲೆ ಮೆಲ್ಲಗೆ ಕೂತರು.

"ಒಸಾದ್ ಒಲಿವಾಗ ನಂದೂ ಒಂದ್ ಅಳ್ತೆ ತಗಳಪ್ಪ" ಅಂದರು. "ನಾನೂ ಎತ್ಕತೀನಿ. ಬಾರ ಆಯ್ತದೆ."

ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ನಾನು ಮಗನನ್ನು ಎತ್ತಿಕೊಳ್ಳುತ್ತಿದ್ದದ್ದು ಸಂಜೆ ಎರಡು ಗಂಟೆ, ಜೊತೆಗೆ ಭಾನುವಾರದ ಬಸ್ಸು. ಕೆಳಗಿಳಿಯಲು ಒಲ್ಲದ ಆ ಹುಡುಗ ಬೆಳಿಗ್ಗೆ ಒಂಬತ್ತರಿಂದ ನಾನು ಮನೆಗೆ ಬರುವವರೆಗೆ ಯಾರ ಸೊಂಟದ ಮೇಲಿರುತ್ತಿದ್ದ? ಡಾಕ್ಟರು, ಕ್ಯಾರಿಯರ್, ಜೋಮು ಅಂತ ಎರಡು ತಿಂಗಳು ಕುಣಿದವಳು ಅದನ್ನು ಒಂದು ದಿನವೂ ಕೇಳಿರಲಿಲ್ಲ.

ಅತ್ತೆ ಎದ್ದು ನಿಂತು, ಸೆರಗು ಸಿಕ್ಕಿಸಿಕೊಂಡು ಕೈ ಎತ್ತಿದರು. ಸಾಹೇಬರು ಟೇಪನ್ನು ನನ್ನ ಕೈಗೆ ಕೊಟ್ಟು ತಾವು ಆಚೆ ತಿರುಗಿದರು. ನಾನೇ ಸುತ್ತಿದೆ. ಎಡಗಡೆ ಟೇಪು ತಾಕಿದ ಕೂಡಲೇ ಅವರು ಹಲ್ಲು ಕಚ್ಚಿದರು.

"ಯಾವಾಗಿಂದ ಅತ್ತೆ?" ಅಂದೆ.

"ಏನು?"

"ನೋವು."

"ಯುಗಾದಿಯಿಂದ ಕಣಮ್ಮ" ಅಂದರು.

ಆಗ ದೀಪಾವಳಿ ಮುಗಿದು ಒಂದು ವಾರವಾಗಿತ್ತು.