ಮುರಿಯಲು ಬಿಡದ ಮೇಷ್ಟ್ರು

ಚಾಮರಾಜನಗರದ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಮೇಷ್ಟ್ರು ತೆರಕಣಾಂಬಿಯವರು. ತಮ್ಮೂರಿನ ಬಾಳೆನಾರನ್ನು ಎಪಾಕ್ಸಿ ಅಂಟಿನಲ್ಲಿ ಅದ್ದಿ, ಒತ್ತಿ, ಗಟ್ಟಿ ಪಟ್ಟಿಗಳನ್ನು ಮಾಡಿಸುತ್ತಿದ್ದರು. ಅವುಗಳ ಬಲ ತಿಳಿಯಬೇಕಾದರೆ ಯಂತ್ರಕ್ಕೆ ಕಚ್ಚಿಸಿ ತುಂಡಾಗುವವರೆಗೂ ಎಳೆಯಬೇಕು. ಪಟ್ಟಿ ಕಿರ್ ಎಂದೊಡನೆ ಮೇಷ್ಟ್ರು ಯಂತ್ರ ನಿಲ್ಲಿಸಿ, "ಸಾಕು ಬುಡ್ರಪ್ಪ, ಪಾಪ," ಎನ್ನುತ್ತಿದ್ದರು. ಹೀಗಾಗಿ ನಮ್ಮ ಪ್ರಾಜೆಕ್ಟಿಗೆ ಫಲಿತಾಂಶವೇ ಇರಲಿಲ್ಲ.

ಪರೀಕ್ಷೆಗೆ ಬಂದ ಮೈಸೂರಿನ ಪ್ರೊಫೆಸರು, "ಮುರಿಯದಿದ್ರೆ ಎಲ್ರೂ ಫೇಲು," ಎಂದರು. ಮೇಷ್ಟ್ರು ಪಟ್ಟಿಯನ್ನೊಮ್ಮೆ ಸವರಿ, ವರಾಂಡಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತರು. ಒಳಗೆ ಟಪ್ ಎಂದಿತು. "ಚೆನ್ನಾಗೇ ತಡೆದಿದೆ, ಎಲ್ರೂ ಪಾಸು," ಎಂದರು ಪ್ರೊಫೆಸರು. ನಾವು ಉಸಿರು ಬಿಟ್ಟೆವು.

ಮೇಷ್ಟ್ರು ಒಳಗೆ ಬಂದು ಎರಡೂ ತುಂಡುಗಳನ್ನು ಕೈಗೆತ್ತಿಕೊಂಡು ಹೇಳಿದರು: "ಮುರೀದೆ ಇದ್ದಿದ್ರೆ ಇನ್ನೂ ತಡೀತಿತ್ತು ಕಣ್ರಪ್ಪ."